ಅವ್ವನ ಮಂಚದ ಕೆಳಗೊಂದು ಕೋಳಿ

ಜೂನ್ 21, 1999. ಸೋಮವಾರ

ಅವ್ವನ ಬಲಗೈಗೆ ಎಣ್ಣೆ ತಿಕ್ಕಿದ್ದಾಯಿತು. ಬೆರಳು ಒಂದೊಂದೇ ಬಿಡಿಸಿ ಮಡಿಸಿದ್ದಾಯಿತು. ಡಾಕ್ಟರು ಹೇಳಿದಂತೆ ಎದುರಿಗೆ ಕೂತು "ಅ ಅನ್ನವ್ವ... ಆ ಅನ್ನವ್ವ" ಎಂದದ್ದೂ ಆಯಿತು. ಅವ್ವ ನನ್ನ ಬಾಯಿಯನ್ನೇ ನೋಡುತ್ತಾಳೆ, ಹಲ್ಲಿನಲ್ಲಿ ಸೊಪ್ಪು ಸಿಕ್ಕಿಕೊಂಡಿದೆಯೇನೋ ಎಂಬ ಹಾಗೆ. ಆಮೇಲೆ ಗೋಡೆಯ ಕಡೆ ತಿರುಗುತ್ತಾಳೆ. ದಿನಾ ಇಷ್ಟೇ.

ಬಸವ ಜಯಂತಿ ಮರುದಿನ ಲಕ್ವ ಹೊಡೆದದ್ದು. ಅಂದಿನಿಂದ ಒಂದು ಮಾತಿಲ್ಲ. ನಮ್ಮ ಬೀದಿ ಏಳುತ್ತಿದ್ದದ್ದೇ ಅವ್ವನ ಬಾಯಿಗೆ. ಹಾಲಿನವನಿಗೆ ನೀರಿನ ಲೆಕ್ಕ, ಪಕ್ಕದ ಗುಲ್ಷನ್ ಬೀ ಕೋಳಿಗಳಿಗೆ ಶಾಪ, ಪಾತ್ರೆ ತೊಳೆಯುವ ಬೊಮ್ಮಕ್ಕನಿಗೆ ಬೈಗುಳ... ಬೊಮ್ಮಕ್ಕನಿಗೂ ಅವ್ವನಿಗೂ ನನಗೆ ಬುದ್ಧಿ ಬಂದಾಗಿನಿಂದ ಜಗಳ. ಈಗ ಬೊಮ್ಮಕ್ಕ ಬರುತ್ತಾಳೆ, ಸದ್ದಿಲ್ಲದೆ ತೊಳೆಯುತ್ತಾಳೆ, ಹೋಗುತ್ತಾಳೆ. ಮನೆ ಮನೆಯಂತಿಲ್ಲ.

ಇವತ್ತಿನ ವಿಶೇಷ. ಅಂಗಡಿಗೆ ಹೊರಟಿದ್ದೆ. ವಾಣಿ ಕರೆದಳು.

"ಏನ್ರೀ, ಇಲ್ಲಿ ಬರ್ರಿ. ಅತ್ತೆ ಮಂಚದ ಕೆಳಗೆ ನೋಡ್ರಿ."

ಹತ್ತಿಬುಟ್ಟಿ. ಅವ್ವ ಹೂಬತ್ತಿ ಹೊಸೆಯುತ್ತಿದ್ದ ಬುಟ್ಟಿ. ಏಪ್ರಿಲ್‌ನಿಂದ ಯಾರೂ ಮುಟ್ಟಿಲ್ಲ. ಅದರ ನಡುವೆ ಒಂದು ಮೊಟ್ಟೆ!

ಲಿಂಗ ಕಟ್ಟಿದವರ ಮನೆ. ದೇವರ ದೀಪದ ಹತ್ತಿ. ಮೊಟ್ಟೆ.

ವಾಣಿ ಮುಟ್ಟುವುದಿಲ್ಲ ಎಂದಳು. ಪೇಪರಿನಲ್ಲಿ ಹಿಡಿಯಲು ಹೋದೆ, ಜಾರಿತು. ಕೊನೆಗೆ ಕೈಯಲ್ಲೇ ಎತ್ತಿದೆ. ಬೆಚ್ಚಗಿತ್ತು. ನಲವತ್ತಾರು ವರ್ಷಕ್ಕೆ ಮೊದಲ ಸಲ ಮೊಟ್ಟೆ ಮುಟ್ಟಿದ್ದು. ಬೆಚ್ಚಗಿರುತ್ತದೆ ಎಂದು ಗೊತ್ತಿರಲಿಲ್ಲ. ಯಾರದೋ ಕೂಸನ್ನು ಎತ್ತಿಕೊಂಡವನಂತೆ ಹಿತ್ತಲಿಗೆ ನಡೆದೆ.

ಕಾಂಪೌಂಡಿನ ಆಚೆ ಗುಲ್ಷನ್ ಬೀ ಬಟ್ಟೆ ಒಣಹಾಕುತ್ತಿದ್ದಳು. ಕೊಟ್ಟೆ. ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

"ನಮ್ದು ಅಲ್ಲ ಓಂಕಾರಣ್ಣ. ನಮ್ ಕೋಳಿ ಎಲ್ಲಾ ಗೂಡಲ್ಲೇ ಇಡ್ತಾವೆ. ಯಾರ್ದೋ ಏನೋ, ನಾವು ತಗಂಡ್ರೆ ಹರಾಮ್ ಆಗ್ತೈತೆ."

ಬೊಮ್ಮಕ್ಕನಿಗೆ ಕೊಡಹೋದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅದು ನಾ ತಿನ್ನಂಗಿಲ್ರಿ" ಎಂದಳು. ವಾರಕ್ಕೊಮ್ಮೆ ಮೊಟ್ಟೆಸಾರು ಮಾಡುವ ಹೆಂಗಸು. ಇವಳಿಗೇನು ಬಂತು.

ಮೊಟ್ಟೆ ಸ್ಕೂಟರಿನ ಡಿಕ್ಕಿಯಲ್ಲಿ ಅಂಗಡಿಗೆ ಬಂತು. ಲಾರಿ ಡ್ರೈವರೊಬ್ಬ ಸಂತೋಷವಾಗಿ ಒಯ್ದ. ಪೈಪು ಮೋಟಾರಿನ ಅಂಗಡಿಯಲ್ಲಿ ಇದೂ ಒಂದು ವ್ಯಾಪಾರ.

ಜೂನ್ 24

ಕೋಳಿ ಸಿಕ್ಕಿತು. ಸಿಕ್ಕಿತು ಎಂದರೆ ಕಣ್ಣಿಗೆ. ಕೆಂಚು ಬಣ್ಣ, ಕುತ್ತಿಗೆ ಬೋಳು. ರೂಪವೆಂಬುದು ಒಂದು ಗುಲಗಂಜಿಯಷ್ಟೂ ಇಲ್ಲ. ಹಿತ್ತಲ ಬಾಗಿಲಲ್ಲಿ ನೆಂಟರಂತೆ ಬರುತ್ತದೆ, ನೇರ ಅವ್ವನ ಕೋಣೆಗೆ.

ಯಾಕೆಂದು ಗೊತ್ತಾಯಿತು. ಅವ್ವ ಯಾರ ಕೈಯಲ್ಲೂ ತಿನ್ನಿಸಿಕೊಳ್ಳುವುದಿಲ್ಲ. ಎಡಗೈಯಲ್ಲೇ ತಿನ್ನುತ್ತಾಳೆ. ಅರ್ಧ ಅನ್ನ ನೆಲಕ್ಕೆ. ನಾವು ಒರೆಸಲು ಬಂದರೆ ಮುಖ ಮುಚ್ಚಿಕೊಳ್ಳುತ್ತಾಳೆ. ನಾಚಿಕೆ. ಊರೆಲ್ಲ ಮಡಿ ಹೇಳಿದವಳು. ಕೋಳಿ ಬಂದು ಒಂದಗುಳು ಬಿಡದೆ ತಿಂದು ಚೊಕ್ಕಟ ಮಾಡುತ್ತದೆ. ಅವ್ವ ಅದನ್ನೇ ದುರುಗುಟ್ಟಿ ನೋಡುತ್ತಾಳೆ.

ಕೋಲು ತೆಗೆದುಕೊಂಡು ಓಡಿಸಿದೆ. ಸಂಜೆ ಮತ್ತೆ ಬಂದಿತ್ತು.

ಜೂನ್ 29, ಮಧ್ಯಾಹ್ನ

ಊಟಕ್ಕೆ ಬಂದು ಕೂತಿದ್ದೆ. ಕೋಳಿ ಇವತ್ತು ಮಂಚದ ಮೇಲೇ ಹಾರಿ ಅವ್ವನ ತಟ್ಟೆಗೇ ಬಾಯಿ ಹಾಕಿದೆ. ಒಳಗಿಂದ ಸದ್ದು.

"ಹುಶ್!"

ವಾಣಿ ಅಂದುಕೊಂಡೆ. ವಾಣಿ ನನ್ನ ಎದುರಿಗೇ ಸಾರಿನ ಸೌಟು ಹಿಡಿದು ನಿಂತಿದ್ದಾಳೆ. ಇಬ್ಬರೂ ಓಡಿದೆವು.

ಅವ್ವ ಎಡಗೈ ಎತ್ತಿ ಕೂತಿದ್ದಾಳೆ. ತುಟಿ ಸೊಟ್ಟ. ಕಣ್ಣಲ್ಲಿ ಹಳೆಯ ಕೆಂಡ. ಮತ್ತೊಮ್ಮೆ, "ಹು...ಶ್."

ಎರಡು ತಿಂಗಳಿನಿಂದ ನಾನು ಅ ಆ ಇ ಈ ಎಂದು ಬಾಯಿ ಬಾಯಿ ಬಿಟ್ಟದ್ದಕ್ಕೆ ಬಾರದ ದನಿ ಒಂದು ಕೋಳಿಯ ಮೇಲಿನ ಸಿಟ್ಟಿಗೆ ಬಂತು. ವಾಣಿ ಅಲ್ಲೇ ಕೂತು ಅತ್ತಳು. ನಾನೂ. ತಟ್ಟೆ ಕೋಳಿ ಖಾಲಿ ಮಾಡಿತು.

ಡಾಕ್ಟರಿಗೆ ಫೋನ್ ಮಾಡಿದೆ. "ಹುಶ್ ಅಂದ್ರೇನು, ಹೂಂ ಅಂದ್ರೇನು, ದನಿ ಬಂತಲ್ಲ ಬಿಡ್ರಿ" ಎಂದರು.

ಜುಲೈ 4, ಭಾನುವಾರ

ಹಿತ್ತಲ ಬಾಗಿಲು ಈಗ ಬೇಕೆಂದೇ ತೆರೆದಿಡುತ್ತೇನೆ. ಕೋಲು ಹಿಡಿದು ಓಡಿಸಿದವನೇ ಇವತ್ತು ಬಾಗಿಲಲ್ಲಿ ನಿಂತು ಇನ್ನೂ ಯಾಕೆ ಬರಲಿಲ್ಲ ಎಂದು ಕಾದೆ. ನಾಚಿಕೆಯಾಗಬೇಕು. ಆಗಲಿಲ್ಲ.

ವಾಣಿಗೆ ಸಿಟ್ಟು. "ನಾಳೆ ಸ್ವಾಮಿಗಳು ಪಾದಪೂಜೆಗೆ ಬರ್ತಾರೆ. ಮಂಚದ ಕೆಳಗೆ ಕೋಳಿ ಕೂಗಿದ್ರೆ ಏನಂತ ಹೇಳ್ಲಿ?"

"ನಮ್ಮದಲ್ಲ ಅನ್ನು."

"ಯಾರ್ದು ಅಂತಾರೆ."

ಅದು ಇನ್ನೂ ಗೊತ್ತಿಲ್ಲ. ಬೀದಿಯಲ್ಲಿ ಕೇಳಿದ್ದಾಯಿತು. ಒಪ್ಪಿಕೊಳ್ಳುವವರೇ ಇಲ್ಲ. ಸಾಲದ್ದಕ್ಕೆ ಖುದ್ದೂಸ್ ಭಾಯಿ, ಗುಲ್ಷನ್ ಬೀ ಗಂಡ, ನನ್ನ ಅಂಗಡಿಯ ಮೋಟಾರುಗಳಿಗೆಲ್ಲ ವೈಂಡಿಂಗ್ ಮಾಡುವವನು, "ಸಾವ್ಕಾರ್ರು ಕೋಳಿ ಸಾಕಿದಾರಂತೆ" ಎಂದು ಎಲ್ಲರೆದುರು ನಕ್ಕ. ನಗಲಿ.

ಜುಲೈ 19

ಅವ್ವ ಬಲಗೈಯಲ್ಲಿ ಅಕ್ಕಿ ಹೆಕ್ಕಿದಳು.

ನಾನು ಎಣ್ಣೆ ತಿಕ್ಕುವಾಗ ಸತ್ತ ಹಾಗೆ ಬಿದ್ದಿರುವ ಕೈ. ಡಾಕ್ಟರು ಶೇಂಗಾಬೀಜ ಆರಿಸಲು ಕೊಡಿ ಎಂದಿದ್ದರು. ಕೊಟ್ಟರೆ ಬಟ್ಟಲನ್ನೇ ಒದೆಯುತ್ತಿದ್ದಳು. ಕೆಲವು ದಿನದಿಂದ ಎಡಗೈಯಲ್ಲಿ ಕೋಳಿಗೆ ಅಕ್ಕಿ ಹಾಕುತ್ತಾಳೆ. ಇವತ್ತು ಕೋಳಿ ಎಡಕ್ಕೆ ಬರದೆ ಬಲಕ್ಕೆ ನಿಂತಿತು. ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಹೆಬ್ಬೆರಳು ಹತ್ತಿರ ಬಂತು. ಬೆರಳು ಮಡಿಚಿಕೊಂಡಿತು. ಒಂದು ಕಾಳು. ಉದುರಿಸಿದಳು. ಮತ್ತೊಂದು. ಬಾಗಿಲ ಸಂದಿಯಲ್ಲಿ ಕಳ್ಳನಂತೆ ನಿಂತು ನೋಡಿದೆ.

ಈಗ ಬಾ ಎನ್ನುತ್ತಾಳೆ. ಹುಶ್ ಹೋಯಿತು, ಬಾ ಬಂತು. ಬೇರೆ ಮಾತಿಲ್ಲ, ಎಲ್ಲದಕ್ಕೂ ಬಾ. ಮೂರು ಸಲ ಬಾ ಬಾ ಬಾ ಎಂದರೆ ಕೋಳಿಗೆ. ಒಂದೇ ಸಲ ಎಂದರೆ ನನಗೆ. ಇಬ್ಬರೂ ಓಡುತ್ತೇವೆ. ಮೊದಲು ತಲುಪುವುದು ಕೋಳಿ.

ಆಗಸ್ಟ್ 9

ಗೋಡೆ ಹಿಡಿಸಿ ನಿಲ್ಲಿಸಿ ಎಂದಿದ್ದಾರೆ ಡಾಕ್ಟರು. ನಾನೊಂದು ರಟ್ಟೆ, ವಾಣಿ ಒಂದು ರಟ್ಟೆ. ಅವ್ವ ಕಾಲು ಊರುವುದೇ ಇಲ್ಲ. ಮೂಟೆಯಂತೆ ಜೋತುಬೀಳುತ್ತಾಳೆ. "ಕಾಲು ಊರವ್ವ" ಎಂದು ಬೇಡಿದೆ, ಗದರಿದೆ. ಗದರಿದ್ದಕ್ಕೆ ಆಮೇಲೆ ಬೇಜಾರಾಯಿತು. ಬಿದ್ದೇನೆಂಬ ಭಯವಿರಬೇಕು ಅವಳಿಗೆ. ಆಗಲಿ, ಕೂತೇ ಇರಲಿ. ಮಾತು ಬರಲಿ ಸಾಕು. ಒಂದು ಸಲ ನನ್ನ ಹೆಸರು ಹಿಡಿದು ಕರೆದರೆ ಸಾಕು.

ಆಗಸ್ಟ್ 22, ಭಾನುವಾರ

ಓಟಿನ ಜೀಪು ಬೀದಿಗೆ ಬಂತು. ಮೈಕಿನ ಅಬ್ಬರಕ್ಕೆ ಕೋಳಿ ಗಾಬರಿಯಾಗಿ ಅವ್ವನ ಸೆರಗಿನೊಳಗೆ ನುಗ್ಗಿತು. ಅವ್ವ ಕಿಟಕಿಯ ಕಡೆ ತಿರುಗಿ, "ಥೂ... ಮುಂಡೇವಾ." ಸ್ಪಷ್ಟ. ಬೀದಿಗೆ ಕೇಳುವಷ್ಟು.

ಯಾವ ಪಕ್ಷದ್ದೋ ನೋಡಲಿಲ್ಲ. ಯಾರದಾದರೂ ಸರಿ, ನನ್ನ ಓಟು ಆ ಜೀಪಿಗೇ.

ಜುಲೈಯಲ್ಲಿ ಸ್ವಾಮಿಗಳು ಪಾದಪೂಜೆಗೆ ಬಂದಾಗ ಕೋಳಿ ಕೂಗಲಿಲ್ಲ ಎಂದು ಬರೆಯಲು ಮರೆತಿದ್ದೆ. ಅವ್ವ ಅದರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಮೇಲೆ ಕೌದಿ ಹೊದ್ದಿದ್ದಳು.

ಆಗಸ್ಟ್ 30, ಸೋಮವಾರ

ಇದನ್ನು ಸರಿಯಾಗಿ ಬರೆಯಬೇಕು.

ಬೆಳಗ್ಗೆ ಬೊಮ್ಮಕ್ಕ ತೊಳೆದ ಚೊಂಬನ್ನು ಅವ್ವನ ಪಕ್ಕ ಇಟ್ಟಳು. ಅವ್ವ ಎತ್ತಿ ನೋಡಿದಳು. ಹಳೆಯ ಅಭ್ಯಾಸ. ಚೊಂಬಿನ ಕಂಠದಲ್ಲಿ ಬೆರಳಾಡಿಸಿದಳು.

"ಬೊಮ್ಮೀ... ಬೂದಿ ಐತೆ."

ಬೊಮ್ಮಕ್ಕ ಅಲ್ಲಾಡಲಿಲ್ಲ.

"ಕಣ್ಣಿಲ್ಲೇನೆ ಬೊಮ್ಮಿ. ತೊಳಿ."

ಬೊಮ್ಮಕ್ಕ ಚೊಂಬು ತಬ್ಬಿಕೊಂಡು ಅತ್ತಳು. ಎಂಥ ಅಳು. ಬೈಸಿಕೊಂಡು ಹೀಗೆ ಅತ್ತವರನ್ನು ನಾನು ಕಂಡಿಲ್ಲ. ಹಿತ್ತಲಿಗೆ ಹೋಗಿ, ಮಾರಮ್ಮನ ಗುಡಿಯಿರುವ ಗೌರಸಮುದ್ರದ ಕಡೆ ಮುಖ ಮಾಡಿ ನೆಲಕ್ಕೆ ಹಣೆ ಮುಟ್ಟಿಸಿದಳು. "ನೀ ಕೊಟ್ಟೆ ತಾಯಿ. ನಂದೂ ನಾ ಕೊಡ್ತೀನಿ" ಎಂದಳು.

ಏನು ಕೊಡುವುದು ಎಂದು ಕೇಳಿದೆ. ಆಗ ಹೇಳಿದಳು. ತವರು ಬಿ.ಜಿ. ಕೆರೆ ಅವಳದು. ಮನಸ್ಸು ತುಂಬಿದರೆ ತವರಿನ ತೆಲುಗಿನಲ್ಲಿ ನನ್ನನ್ನು ನಾಯ್ನಾ, ಎಂದರೆ ಅಪ್ಪಾ, ಎನ್ನುತ್ತಾಳೆ.

"ಅಮ್ಮಾರು ಬಿದ್ದ ವಾರಕ್ಕೆ ಈ ಕೋಳಿ ತಂದೆ ನಾಯ್ನಾ. ನೀವ್ಯಾರೂ ಇಲ್ಲದಾಗ ಅಮ್ಮಾರ ತಲೆ ಸುತ್ತ ನಿವಾಳಿಸಿ ಮಾರಮ್ಮಗೆ ಬಿಟ್ಟೆ. ಅಮ್ಮಾರು ನನ್ನ ಹೆಸರಿಡ್ದು ಬೈದ ದಿನ ಕೋಳಿ ನಿಂದು ತಾಯಿ ಅಂತ. ನಿಮಗೆ ಹೇಳಿದ್ರೆ ಬ್ಯಾಡ ಅಂತಿದ್ರಿ."

ದೇವಿಗೆ ಬಿಟ್ಟ ಕೋಳಿಯ ಮೊಟ್ಟೆ. ಅದಕ್ಕೇ ಅಂದು ಹಿಂದೆ ಸರಿದದ್ದು.

"ಯಾಕೆ ಮಾಡಿದೆ ಬೊಮ್ಮಕ್ಕ? ಜೀವಮಾನವೆಲ್ಲ ಬೈದವಳಿಗೆ?"

"ಬೈಯೋರಿಲ್ದೆ ಬೆಳಗಾಗಂಗಿಲ್ಲ ನಾಯ್ನಾ" ಎಂದಳು.

ಗಣೇಶನ ಹಬ್ಬದ ಮರುದಿನ, ಮಂಗಳವಾರ, ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆ. ಅಂದು ಕೊಯ್ಯಬೇಕು.

ಒಳಗೆ ಅವ್ವ ಕರೆಯುತ್ತಿದ್ದಳು. ಬಾ ಬಾ ಬಾ.

ಸೆಪ್ಟೆಂಬರ್ 3

ಪಕ್ಕದೂರು ನನ್ನಿವಾಳದಿಂದ ಒಂದು ಹುಂಜ ತರಿಸಿದೆ. ದೊಡ್ಡದು, ಜುಟ್ಟಿನದು. ಬೊಮ್ಮಕ್ಕನ ಮನೆಗೆ ನಾನೇ ಒಯ್ದೆ. ದಾರಿಯುದ್ದಕ್ಕೂ ಕೂಗಿತು. ಯಾರ್ಯಾರು ನೋಡಿದರೋ.

"ಇದನ್ನ ಕೊಡು ಬೊಮ್ಮಕ್ಕ. ಅದಕ್ಕಿಂತ ದೊಡ್ಡದು."

ಅವಳು ಹುಂಜವನ್ನು ನೋಡಲೂ ಇಲ್ಲ. "ನೀವು ಲಿಂಗಕ್ಕೆ ಏರ್ಸಿದ ಪತ್ರೆ ತೆಗೆದು, ಇದು ನಂಗೆ ಬೇಕಾಗೈತೆ ಬ್ಯಾರೆ ಕೊಡ್ತೀನಿ ಅಂತೀರೇನ್ರಿ? ಅಮ್ಮಾರ ಬ್ಯಾನೆ ಆ ಕೋಳಿ ಮ್ಯಾಲೆ ಇಳಿದೈತೆ. ಅದೇ ಹೋಗ್ಬೇಕು."

"ಮುಂದಿನ ವರ್ಷ ಕೊಡೋಣ."

"ಅಲ್ಲಿತನಕ ಏನಾರ ಆದ್ರೆ? ಕೊಟ್ಟ ನಾಲಿಗೆ ತಾಯಿ ಕಿತ್ಗಂಡ್ರೆ? ನೀವು ತಡ್ಕಂತೀರಿ, ಓದ್ದೋರು. ನಾ ಏನ್ ಮಾಡ್ಲಿ?"

ಮಾರಮ್ಮನನ್ನು ನಂಬುತ್ತೇನೆಯೇ? ಗೊತ್ತಿಲ್ಲ. ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳುವಷ್ಟು ಧೈರ್ಯವಿಲ್ಲ, ಅಷ್ಟು ಗೊತ್ತು.

ಹುಂಜವನ್ನು ಖುದ್ದೂಸ್ ಭಾಯಿಗೆ ಕೊಟ್ಟೆ. "ಏನ್ ವಿಶೇಷ ಸಾವ್ಕಾರ್ರೆ?" ಎಂದ. ಏನೂ ಇಲ್ಲ ಎಂದೆ.

ಸೆಪ್ಟೆಂಬರ್ 7

ಡಾಕ್ಟರು ಅವ್ವನ ಕೈ ನೋಡಿ ಬೆರಗಾದರು. ಏನು ಮಾಡಿಸಿದಿರಿ ಎಂದರು. ಕೋಳಿಗೆ ಕಾಳು ಹಾಕಿಸಿದೆ ಎಂದೆ. ನಗಲಿಲ್ಲ ಅವರು. "ಅದೇ ಫಿಜಿಯೋಥೆರಪಿ. ನಿಲ್ಲಿಸಬ್ಯಾಡ್ರಿ. ಮನಸ್ಸಿಗೆ ಪೆಟ್ಟಾಗೋದೇನೂ ಮಾಡಬ್ಯಾಡ್ರಿ" ಎಂದರು.

ಮನೆಗೆ ಬಂದು ವಾಣಿಗೆ ಹೇಳಿದೆ. ಅವಳೇ ನನ್ನ ಕಡೆ ಇರುತ್ತಾಳೆ ಎಂದುಕೊಂಡಿದ್ದೆ. ಮೊನ್ನೆ ಕೋಳಿಗೆ ಅರಿಸಿನ ನೀರು ಹಾಕಿ ಕಾಲು ತೊಳೆಯುತ್ತಿದ್ದಳು, ಯಾರೂ ನೋಡುತ್ತಿಲ್ಲವೆಂದುಕೊಂಡು.

"ಕೊಟ್ಟುಬಿಡ್ರಿ" ಎಂದಳು. "ಅತ್ತೆ ಮತ್ತೆ ಗೋಡೆ ಕಡೆ ತಿರುಗಿದ್ರೆ ನಾನು ನೋಡಕ್ಕಾಗಲ್ಲ. ಕೊಡದೇ ಹಂಗಾದ್ರೆ ನಾವೇ ಮಾಡಿದಂಗಾಗ್ತೈತೆ."

ಕೊಟ್ಟು ಹಾಗಾದರೆ? ಕೇಳಲಿಲ್ಲ. ಕೊಟ್ಟರೂ ಭಯ, ಕೊಡದಿದ್ದರೂ ಭಯ. ಕೈ ಕಟ್ಟಿ ಕೂರಿಸಿದ್ದಾರೆ ನನ್ನನ್ನು, ಎಲ್ಲರೂ ಒಳ್ಳೆಯವರೇ ಸೇರಿ.

ಅವ್ವನಿಗೆ ಹೇಳಬೇಕು. ಯಾರು ಹೇಳುವುದು.

ಸೆಪ್ಟೆಂಬರ್ 12, ಭಾನುವಾರ

ಬೊಮ್ಮಕ್ಕ ಕೋಳಿ ಹಿಡಿಯಲು ಬಂದಳು. ಸಿಗಲಿಲ್ಲ. ಇಷ್ಟು ದಿನ ಕಾಲಿಗೆ ಸಿಕ್ಕಿಕೊಳ್ಳುತ್ತಿದ್ದದ್ದು ಇವತ್ತು ಬೇವಿನ ಮರ ಹತ್ತಿತು. ಅಲ್ಲಿಂದ ಗುಲ್ಷನ್ ಬೀ ಮನೆಯ ಶೀಟಿನ ಮೇಲೆ. ಬೊಮ್ಮಕ್ಕ ಸೀರೆ ಎತ್ತಿ ಕಟ್ಟಿ ಅಟ್ಟಾಡಿಸಿದಳು. ಕಿಟಕಿಯಿಂದ ನೋಡಿ ಅವ್ವ ನಕ್ಕಳು. ದನಿ ತೆಗೆದು. ವಾಣಿಯೂ ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು.

ಸಿಗದಿರಲಿ ಎಂದು ಬೇಡಿಕೊಂಡೆ. ಯಾವ ದೇವರಿಗೆ ಎಂದು ಕೇಳಬಾರದು.

ಸೆಪ್ಟೆಂಬರ್ 14, ಮಂಗಳವಾರ. ಬೆಳಗ್ಗೆ

ಬೊಮ್ಮಕ್ಕ ಹೊಸ ಸೀರೆ ಉಟ್ಟು ಬುಟ್ಟಿ ಹಿಡಿದು ಹಿತ್ತಲಲ್ಲಿ ನಿಂತಿದ್ದಳು. ಕೋಳಿ ಬೇವಿನ ಕೊಂಬೆಯಲ್ಲಿ. ಜಾತ್ರೆ ಬಸ್ಸು ಹೊರಡುವ ಹೊತ್ತು. ಅವಳು ನನ್ನನ್ನು ನೋಡಿದಳು. ನಾನು ವಾಣಿಯನ್ನು ನೋಡಿದೆ. ಕೋಳಿ ಸಿಗಲಿಲ್ಲ, ಏನು ಮಾಡುವುದು ಎಂದು ಹೇಳಬಹುದಿತ್ತು. ಎದೆಯಲ್ಲಿ ಸಣ್ಣ ಖುಷಿ ಶುರುವಾಗಿತ್ತು.

ಒಳಗಿಂದ ಅವ್ವನ ದನಿ.

"ಬೊಮ್ಮೀ. ನಿಂಗೆ ಬರಂಗಿಲ್ಲ ಬಿಡೆ."

ಎದ್ದು ದಿಂಬಿಗೆ ಒರಗಿ ಕೂತಿದ್ದಳು. ಮುಖದಲ್ಲಿ ಗರ್ವ. ಕೋಳಿ ಯಾತಕ್ಕೆಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಬಲಗೈಯಲ್ಲಿ ಅಕ್ಕಿ ತೆಗೆದುಕೊಂಡಳು, ನಾವೆಲ್ಲ ನೋಡಲಿ ಎಂದು ನಿಧಾನಕ್ಕೆ.

"ಬಾ ಬಾ ಬಾ."

ಕೊಂಬೆ ಅಲ್ಲಾಡಿತು. ಕೋಳಿ ಧೊಪ್ಪೆಂದು ಇಳಿದು ನನ್ನ ಕಾಲ ಪಕ್ಕದಲ್ಲೇ ಹಾದು ಒಳಗೆ ಹೋಯಿತು. ಮಂಚ ಹತ್ತಿತು. ಅವ್ವ ಅದನ್ನು ಬಲಗೈಯಲ್ಲಿ ಅವುಚಿ ಹಿಡಿದಳು. ಆ ಕೈಯಲ್ಲಿ ಅಷ್ಟು ಬಲ ಬಂದಿದೆ ಎಂದು ನನಗೇ ಗೊತ್ತಿರಲಿಲ್ಲ.

"ಹಿಂಗ್ ಹಿಡೀಬೇಕು. ಹಿಡ್ಕ" ಎಂದು ಬೊಮ್ಮಕ್ಕನ ಕೈಗೆ ಕೊಟ್ಟಳು.

ಬೊಮ್ಮಕ್ಕ ಇಸಿದುಕೊಂಡಳು. ಅವ್ವನ ಪಾದ ಮುಟ್ಟಿದಳು. ತಿರುಗಿ ನೋಡದೆ ಹೋದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು, ಬೇಡ ಎಂದೋ, ಕೊಡಬೇಡವ್ವ ಎಂದೋ. ಬಾಯಿ ಇದ್ದವನು ನಾನು. ಬರಲಿಲ್ಲ.

ಅಂಗಡಿ ತೆರೆಯಲಿಲ್ಲ ಇವತ್ತು.

ಸೆಪ್ಟೆಂಬರ್ 15, ಬುಧವಾರ. ಸಂಜೆ

ಬೊಮ್ಮಕ್ಕ ಬಂದಳು. ಕುಂಕುಮ, ಬೇವಿನ ಸೊಪ್ಪು, ಕಾಯಿಹೋಳು. ನಮಗೆಂದು ಅಷ್ಟನ್ನೇ ತಂದಿದ್ದಳು. ಅವ್ವನ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಅದರ ಕೆಳಗೆ ಮಾರಮ್ಮನ ಕುಂಕುಮ ಇಟ್ಟಳು. ಅವ್ವ ಬೇಡವೆನ್ನಲಿಲ್ಲ. ಅವ್ವನ ಕಣ್ಣು ಹಿತ್ತಲ ಬಾಗಿಲಲ್ಲಿತ್ತು. ಬೊಮ್ಮಕ್ಕ ಅದನ್ನು ನೋಡಿದಳು. ಪಾತ್ರೆ ತೊಳೆಯದೆ ಹೋದಳು.

ಮಧ್ಯಾಹ್ನದ ಅನ್ನದಲ್ಲಿ ಒಂದು ಹಿಡಿ ತಟ್ಟೆಯ ಅಂಚಿಗೆ ಸರಿಸಿಟ್ಟಿದ್ದಾಳೆ ಅವ್ವ. ಒಣಗಿದೆ. ತೆಗೆಯಲು ಹೋದೆ. ಕೈ ತಡೆದಳು.

"ಲೇ ಓಂಕಾರ."

ಏಪ್ರಿಲ್‌ನಿಂದ ಕಾದ ಮಾತು. ಎಣ್ಣೆ ತಿಕ್ಕುತ್ತ, ಬಾಯಿ ಒರೆಸುತ್ತ, ಇದೊಂದನ್ನೇ ಕಾದಿದ್ದೆ.

"ಲೇ ಓಂಕಾರ. ಕೋಳಿ ಎಲ್ಲೈತೆ?"

ತೊದಲಿಲ್ಲ. ಸೊಟ್ಟಿಲ್ಲ. ಪೂರ್ತಿ ಮಾತು. ಅಡುಗೆಮನೆಯಲ್ಲಿ ವಾಣಿಯ ಬಳೆಸದ್ದು ನಿಂತಿತು. ನಾನು ಬಾಯಿ ತೆರೆದೆ. "ಅ..." ಎಂದೆ. ಅವ್ವ ನನ್ನ ಬಾಯಿಯನ್ನೇ ನೋಡಿದಳು. ನಾನು ಅಕ್ಷರ ಹೇಳಿಕೊಡುತ್ತಿದ್ದಾಗ ನೋಡುತ್ತಿದ್ದಳಲ್ಲ, ಹಾಗೆ. ನಲ್ಲಿ ಬಂತೇನೋ ನೋಡುತ್ತೇನೆ ಎಂದು ಎದ್ದು ಬಂದೆ.

ಇಲ್ಲಿ ಮುಂಬಾಗಿಲ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಲ್ಲಿ ಬಂದಿಲ್ಲ. ಒಳಗಿಂದ ಕರೆದಳು, ಬಾ. ಒಂದೇ ಸಲ. ಅದು ನನಗೆ. ಹೋಗಿ ಏನು ಹೇಳಲಿ. ನೀನೇ ಕೊಟ್ಟೆಯಲ್ಲವ್ವ ಎನ್ನಲೇ. ನಿನ್ನ ಮಾತು ಬಂದದ್ದಕ್ಕೆ ಕೊಟ್ಟದ್ದು ಎನ್ನಲೇ.

ಮತ್ತೆ ಕರೆಯಲಿಲ್ಲ. ಮಂಚ ಕಿರುಗುಟ್ಟಿತು. ಏನೋ ಬಿದ್ದಂತೆ... ಇಲ್ಲ. ನೆಲದ ಮೇಲೆ ಕಾಲು ಎಳೆಯುವ ಸದ್ದು. ನಿಂತು, ಮತ್ತೆ.

"ಏನ್ರೀ, ಬರ್ರಿ, ಅತ್ತೆ ನಡೀತಾ ಅದಾರೆ. ಗೋಡೆ ಹಿಡ್ಕಂಡು ಅವರೇ ನಡೀತಾ ಅದಾರೆ ಬರ್ರಿ." ವಾಣಿ ಕೂಗುತ್ತಿದ್ದಾಳೆ, ಎಲ್ಲ ಮರೆತವಳ ಸಂತೋಷ.

ಹಿತ್ತಲ ಬಾಗಿಲ ಚಿಲಕ ತೆಗೆದ ಸದ್ದು. ಈಗ ಅಲ್ಲಿಂದ ಅವ್ವನ ದನಿ. ಬಾ ಬಾ ಬಾ. ಸ್ವಲ್ಪ ತಡೆದು ಮತ್ತೆ, ಬಾ ಬಾ...

ಹೋಗಬೇಕು. ಹೋಗಿ...